ಹಳೆಯ ಚಕ್ಕಡಿಗೆ ಹೊಸ ಈಸು

(ಬೆಳ್ಳಿ ಹಬ್ಬದ ನಿಮಿತ್ತ ಕೂಡಿದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಹುಟ್ಟಿ ಬೆಳೆದ ಬಗೆ, ಶೇರು ಬಂಡವಾಳ, ಠೇವು, ಸಾಲ ವಸೂಲಿ, ಇವುಗಳ ಬಗ್ಗೆ ನನಗಿಂತ ತಿಳಿದವರು ಆಗಲೇ ಮಾತಾಡಿದ್ದಾರೆ. ನನಗೆ ವಹಿಸಿದ ವಿಷಯ ರೈತನ ಸಾಮಾನು ಸಲಕರಣೆಗಳ ಜೋಪಾನ. ಅದು ದೊಡ್ಡ ವಿಷಯ. ಎಲ್ಲಾ ಹೇಳಾಕ ಹೋದರ ಊಟದ ಹೊತ್ತು ಮೀರತೈತಿ. ಅದಕ್ಕಾಗಿ ಒಂದೇ ಒಂದು ಸಾಮಾನಿನ ಬಗ್ಗೆ ಹೇಳುತ್ತೇನೆ. ಅದು ಚಕ್ಕಡಿಯ ಈಸು. ಹಳೆಯ ಚಕ್ಕಡಿಯ ಈಸು ಕೆಟ್ಟಾಗ ಅದನ್ನು ಹೆಂಗ ಗುರುತಿಸಬೇಕು, ಎಂಥಾ ಮರ ತರಬೇಕು, ಹೆಂಗ ಕೂಡಿಸಬೇಕು ಎಂಬುದನ್ನು ಹೇಳಿ, ಕಡೆಗೆ ಸಂಘದ ಮುಂದೆ ಒಂದು ಬೇಡಿಕೆ ಇಡುತ್ತೇನೆ.

ಟ್ರ್ಯಾಕ್ಟರ್ ಬಂದ ಕಾಲದಾಗ ಚಕ್ಕಡಿ ಮಾತು ಯಾಕ್ರಿ ಅಂತ ತರುಣರು ಕೇಳಬಹುದು. ಖರೇ ಐತಿ, ಚಕ್ಕಡಿಗಳು ಕಡಿಮೆಯಾಗ್ಯಾವ. ಆದರೆ ಎರಡು ಮೂರು ಎಕರೆಯ ಒಕ್ಕಲಿಗೆ ಗೊಬ್ಬರ ಹೇರಲಿಕ್ಕೆ, ಕಣಕಿ ಮೇವು ತರಲಿಕ್ಕೆ, ಕಬ್ಬಿನ ಬೀಜ ಹೊಲ ಮುಟ್ಟಿಸಲಿಕ್ಕೆ ಇವತ್ತಿಗೂ ಎತ್ತಿನ ಗಾಡಿ ಬೇಕು. ಹಸಿ ನೆಲದಾಗ ಟ್ರ್ಯಾಕ್ಟರ್ ಇಳಿದರ ಗಾಲಿ ಹುಗಿದು ನೆಲ ಗಟ್ಟಿಯಾಗತೈತಿ, ಚಕ್ಕಡಿ ಹೋಗಿ ಬರತೈತಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಗಾಡಿಗಳನ್ನು ನೀವೇ ನೋಡೀರಿ. ಗಾಲಿ ಗಟ್ಟಿ, ಅಚ್ಚು ಗಟ್ಟಿ, ಮೈ ಗಟ್ಟಿ ಇದ್ದರೂ ಒಂದು ಈಸು ಹೋಯಿತೆಂದು ಇಡೀ ಚಕ್ಕಡಿಯನ್ನು ಗೋಡೆಗೆ ಆನಿಸಿ ಬಿಟ್ಟವರು, ಕಡೆಗೆ ಅದನ್ನು ಒಲಿಗೆ ಕಟ್ಟಿಗಿ ಮಾಡಿದವರು ಸುತ್ತಲಿನ ಹಳ್ಳಿಗಳಲ್ಲಿ ಅದಾರ. ಎತ್ತು ಮಾರಿ, ಬಾಡಿಗೆ ಟ್ರ್ಯಾಕ್ಟರಿಗೆ ಸಾಲ ಮಾಡುವುದು ಅಲ್ಲಿಂದಲೇ ಸುರುವಾಗುತ್ತದೆ. ಒಂದು ಮರದ ತುಂಡಿನ ಮಾತು ಒಂದು ಮನೆತನದ ಲೆಕ್ಕದ ಮಾತು ಆಗುವುದು ಹೀಗೆ.

ಮೊದಲು ಈಸಿನ ಕೆಲಸ ಏನೆಂದು ತಿಳಿಯೋಣ. ಗಾಡಿಯ ಮೈಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಮುಟ್ಟುವ ಮರವೇ ಈಸು. ಕೆಲವು ಚಕ್ಕಡಿಗೆ ಎರಡು ಈಸು ಇರುತ್ತವೆ, ಹಿಂದಿನಿಂದ ಅಗಲವಾಗಿ ಬಂದು ಮುಂದೆ ಮೂಕಿಯಲ್ಲಿ ಕೂಡುತ್ತವೆ. ಕೆಲವು ಗಾಡಿಗೆ ನಡುವೆ ಒಂದೇ. ಎತ್ತು ಎಳೆದ ಬಲ ಗಾಡಿಗೆ ಮುಟ್ಟುವುದು ಈಸಿನಿಂದ. ಗಾಡಿ ತಿರುಗುವುದೂ ಈಸಿನಿಂದ. ಹೇರು ಮುಂದೆ ಜಾಸ್ತಿ ಆದರೆ ಭಾರ ಈಸಿನ ಮೂಲಕ ಎತ್ತಿನ ಹೆಗಲಿಗೆ ಕೂಡುತ್ತದೆ, ಹಿಂದೆ ಜಾಸ್ತಿ ಆದರೆ ಮೂಕಿ ಎದ್ದು ಎತ್ತಿನ ಕೊರಳು ಹಿಸುಕುತ್ತದೆ. ರಸ್ತೆಯಿಂದ ಹೊಲಕ್ಕೆ ಇಳಿಯುವಾಗ ಒಂದು ಗಾಲಿ ತಗ್ಗಿಗೆ ಬಿದ್ದರೆ ಇಡೀ ಏಟು ಅಡ್ಡಲಾಗಿ ಈಸಿಗೆ ಬೀಳುತ್ತದೆ. ಹಿಂದಿನ ತುದಿ ಗಾಡಿಗೆ ಕಚ್ಚಿಕೊಂಡಿರುವುದರಿಂದ, ಮರ ಎಲ್ಲಿ ಗಾಡಿಯ ಮುಂದಿನ ಅಡ್ಡ ಮರವನ್ನು ದಾಟಿ ಹೊರಗೆ ಬರುತ್ತದೆಯೋ ಅಲ್ಲೇ ಎಲ್ಲಕ್ಕಿಂತ ಹೆಚ್ಚು ಜಗ್ಗುತ್ತದೆ. ಈಸು ಮುರಿದರೆ ಬಹಳ ಮಾಡಿ ಆ ಜಾಗದಾಗೇ ಮುರೀತೈತಿ.

ಸಮುದ್ರದ ಮೇಲಿನ ಹಾಯಿಹಡಗಿಗೂ ಇಂಥಾದ್ದೇ ಒಂದು ಮರ ಇರತೈತಿ ಅಂದ್ರ ನಿಮಗೆ ಆಶ್ಚರ್ಯ ಆಗಬಹುದು. ಹಡಗಿನ ಮೂತಿಯಿಂದ ಮುಂದಕ್ಕೆ ಈಸಿನ ಹಾಗೆಯೇ ಚಾಚಿರುತ್ತದೆ. ಇಂಗ್ಲೀಷಿನಲ್ಲಿ ಅದಕ್ಕೆ ಬೋಸ್ಪ್ರಿಟ್ ಎನ್ನುತ್ತಾರೆ. ನಡುವಿನ ಹಾಯಿಕಂಬವನ್ನು ಮುಂದಿನಿಂದ ಬಿಗಿದು ಹಿಡಿಯುವ ಹಗ್ಗ ಆ ಮರದ ತುದಿಗೆ ಕಟ್ಟಿರುತ್ತದೆ. ಅದು ಮುರಿದರೆ ಹಾಯಿಕಂಬವೇ ಹಿಂದಕ್ಕೆ ಬೀಳಬಹುದು. ಹಳೆಯ ಹಾಯಿದೋಣಿ ಇಟ್ಟುಕೊಂಡವರು ಆ ಮರ ಲಡ್ಡಾಗಿದೆಯೇ ಎಂದು ವರ್ಷಾ ವರ್ಷಾ ನೋಡಿ, ಕೆಟ್ಟಿದ್ದರೆ ಬದಲಿಸುತ್ತಾರೆ. ಅವರು ನೋಡುವ ಜಾಗವೂ ನಾವು ನೋಡಬೇಕಾದ ಜಾಗವೂ ಒಂದೇ, ಮೈಯೊಳಗಿಂದ ಹೊರಬೀಳುವ ಕಡೆ ಮತ್ತು ಕಬ್ಬಿಣದ ಪಟ್ಟಿಯ ಕೆಳಗೆ.

ನಮ್ಮ ಚಕ್ಕಡಿಗೂ ಆ ಹಡಗುಗಳಿಗೂ ಹಳೆಯ ಸಂಬಂಧವೂ ಐತಿ. ರೈಲು ಬರುವ ಮೊದಲು ಧಾರವಾಡ ಕಡೆಯ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು. ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬೈಗೆ. ಹತ್ತಿ ಬೆಳೆದದ್ದು ನಮ್ಮ ಬಯಲುಸೀಮೆಯಲ್ಲಿ, ಆದರೆ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ ಎಂದೇ ಆಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಆಗ ಘಟ್ಟದ ಇಳಿಜಾರಿನಲ್ಲಿ ಸಾಲುಗಟ್ಟಿ ಇಳಿದ ಚಕ್ಕಡಿಗಳನ್ನು ಹಿಡಿದು ನಿಲ್ಲಿಸಿದ್ದು ಎತ್ತಿನ ಹೆಗಲು ಮತ್ತು ಈಸು. ಹೀಗೆ ಒಂದೇ ಹತ್ತಿ ಅಂಡಿಗೆ ಅರ್ಧ ದಾರಿ ಈಸಿನ ಹಿಂದೆ, ಅರ್ಧ ದಾರಿ ಹಾಯಿಯ ಕೆಳಗೆ ಹೋಯಿತು. ಬಡಿಗನ ವಿದ್ಯೆ ಎರಡೂ ಕಡೆ ಬೇಕಾಯಿತು.

ಇನ್ನು ಈಸು ಯಾಕೆ ಕೆಡುತ್ತದೆ ಎಂಬ ಮಾತು. ಬರೇ ವಯಸ್ಸಾಯಿತೆಂದು ಮರ ಲಡ್ಡಾಗುವುದಿಲ್ಲ, ನೀರು ನಿಂತರೆ ಆಗುತ್ತದೆ. ಒಣಗಿದ ಮರದೊಳಗೆ ಲಡ್ಡು ಹಿಡಿಸುವ ಬೂಷ್ಟು ಬೆಳೆಯುವುದಿಲ್ಲ. ಮಳೆಗಾಲದಾಗ ಬೋಲ್ಟಿನ ತೂತಿನೊಳಗೆ, ಕಬ್ಬಿಣದ ಪಟ್ಟಿಯ ಒಳಮಗ್ಗಲಿಗೆ, ಎರಡು ಮರ ಕೂಡುವ ಸಂದಿನೊಳಗೆ ನೀರು ಇಳಿದು ಒಣಗದೆ ಉಳಿಯುತ್ತದೆ. ಕಬ್ಬಿಣ ಜಂಗು ಹಿಡಿಯುತ್ತಾ ಸುತ್ತಲಿನ ಮರವನ್ನು ಕಪ್ಪು ಮಾಡಿ ಪುಡಿಪುಡಿ ಮಾಡುತ್ತದೆ. ಮೇಲೆ ಬಣ್ಣ ಚಂದ ಇರುತ್ತದೆ, ಒಳಗೆ ಹಿಟ್ಟಾಗಿರುತ್ತದೆ. ಹೊರಗೆ ಕಾಣುವುದು ಕಡೆಗೆ. ಚಕ್ಕಡಿಯನ್ನು ಬಯಲಲ್ಲಿ ಮೂಕಿ ನೆಲಕ್ಕೆ ಊರಿ ಬಿಟ್ಟರೆ ಗೆದ್ದಲಿಗೂ ದಾರಿ ಮಾಡಿಕೊಟ್ಟಂತೆ. ಮೂಕಿಯ ಕೆಳಗೆ ಒಂದು ಕಲ್ಲಾದರೂ ಇಡಬೇಕು.

ಪರೀಕ್ಷೆ ಮಾಡುವುದು ಕಷ್ಟ ಅಲ್ಲ. ದಸರೆ ಮುಗಿದು ಕಬ್ಬಿನ ಹಂಗಾಮು ಸುರುವಾಗುವ ಮೊದಲು ಒಂದು ತಾಸು ಬಿಡುವು ಮಾಡಿಕೊಳ್ಳಿ. ಸಣ್ಣ ಸುತ್ತಿಗೆಯಿಂದ ಈಸನ್ನು ಹಿಂದಿನಿಂದ ಮುಂದಿನವರೆಗೆ ಗೇಣು ಗೇಣಿಗೆ ಬಡಿಯುತ್ತಾ ಹೋಗಿ. ಗಟ್ಟಿ ಮರ ಠಣ್ ಅಂತೈತಿ, ಟೊಳ್ಳು ಮರ ದಬ್ ಅಂತೈತಿ. ದಬ್ ಎಂದ ಕಡೆ ದಬ್ಬಣ ಚುಚ್ಚಿ ನೋಡಿ. ಕೈಯ ಬಲಕ್ಕೇ ಸಲೀಸಾಗಿ ಒಳಗೆ ಹೋದರೆ ಅಲ್ಲಿ ಮರ ಸತ್ತಿದೆ ಎಂದು ತಿಳಿಯಬೇಕು. ಬೋಲ್ಟು ಬಿಚ್ಚಿ ತೂತಿನ ಒಳಗೂ ನೋಡಬೇಕು. ಉದ್ದಕ್ಕೆ ಹೋದ ಸಣ್ಣ ಬಿರುಕಿಗೆ ಹೆದರಬೇಕಾಗಿಲ್ಲ, ಬಿಸಿಲಿಗೆ ಒಣಗುವಾಗ ಮರ ಉದ್ದಕ್ಕೆ ಸೀಳುವುದು ಸಹಜ. ಅಡ್ಡಲಾಗಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂಥ ಈಸಿಗೆ ಹೇರು ಹೇರಬಾರದು. ಅಡ್ಡ ಬಿರುಕು ಅಂದ್ರ ಮರದ ನಾರು ಹರಿದಿದೆ ಎಂದು ಅರ್ಥ.

ಕೆಟ್ಟ ಭಾಗವನ್ನು ಕೆತ್ತಿ ತೆಗೆದು ಉಳಿದದ್ದರಲ್ಲೇ ನಡೆಸೋಣ ಅಂತ ಕೆಲವರು ಅಂತಾರ. ಅದಕ್ಕೊಂದು ಲೆಕ್ಕ ಕೇಳ್ರಿ. ಬಾಗುವ ಮರದ ಬಲ ಅದರ ದಪ್ಪದ ವರ್ಗದ ಪ್ರಮಾಣದಲ್ಲಿ ಇರುತ್ತದೆ. 4 ಇಂಚು ದಪ್ಪದ ಈಸನ್ನು ಕೆತ್ತಿ 3 ಇಂಚು ಮಾಡಿದಿರಿ ಅನ್ನಿ. ನಾಲ್ಕ ನಾಲ್ಕಲೆ ಹದಿನಾರು, ಮೂರ ಮೂರಲೆ ಒಂಬತ್ತು. ಕಾಲು ಭಾಗ ಮರ ಹೋಯಿತು, ಬಲ ಮಾತ್ರ ಹದಿನಾರರಿಂದ ಒಂಬತ್ತಕ್ಕೆ ಇಳಿಯಿತು, ಅಂದರೆ ಹೆಚ್ಚು ಕಡಿಮೆ ಅರ್ಧ. ಹಂಗ ಮಾಡಿ ಕಬ್ಬು ಹೇರಿದರೆ ಏರಿನಲ್ಲಿ ಈಸು ಮುರಿದು ಮುಂದಿನ ತುಂಡು ಎತ್ತಿನ ಹೊಟ್ಟೆಗೆ ನಾಟಬಹುದು, ಗಾಡಿ ಹಿಂದಕ್ಕೆ ಉರುಳಿ ಹಿಂದೆ ಬರುವವನ ಮೇಲೆ ಬೀಳಬಹುದು. ಜೀವದ ಮಾತಿನಾಗ ಉಳಿತಾಯ ನೋಡಬಾರದು.

ಮುರಿದ ತುದಿಗೆ ಹೊಸ ತುಂಡು ಜೋಡಿಸಬಹುದಲ್ಲಾ ಎಂಬ ಪ್ರಶ್ನೆಯೂ ಬರುತ್ತದೆ. ಹಡಗಿನ ಬಡಿಗರು ಜೋಡಿಸುತ್ತಾರೆ. ಆದರೆ ಅವರು ಎರಡೂ ಮರವನ್ನು ಓರೆಯಾಗಿ, ದಪ್ಪದ ಎಂಟು ಪಟ್ಟು ಉದ್ದಕ್ಕೂ ಹೆಚ್ಚು ಇಳಿಜಾರು ಕೊಯ್ದು, ಸಂದಿಲ್ಲದಂತೆ ಕೂಡಿಸಿ ಒಳ್ಳೆಯ ಅಂಟು ಹಾಕುತ್ತಾರೆ. ನಮ್ಮಲ್ಲಿ ಗೇಣುದ್ದದ ಜೋಡಣೆಗೆ ಎರಡು ಬೋಲ್ಟು ಬಡಿದು ತಂತಿ ಸುತ್ತುತ್ತೇವೆ. ಅದು ಮನೆ ಮುಟ್ಟುವ ತನಕ ಸಾಕು, ಹಂಗಾಮಿಗೆ ಸಾಲದು. ಗಾಡಿಯ ಮೈಯಿಂದ ಹೊರಬೀಳುವ ಜಾಗದಲ್ಲಂತೂ ಯಾವ ಜೋಡಣೆಯೂ ಬೇಡ. ಇಡೀ ಈಸನ್ನೇ ಬದಲಿಸಬೇಕು.

ಹಾಗಾದರೆ ಮರ ಯಾವುದು? ನಮ್ಮ ಹಿರಿಯರು ಒಂದೊಂದು ಭಾಗಕ್ಕೆ ಒಂದೊಂದು ಮರ ಗೊತ್ತು ಮಾಡಿದ್ದಾರೆ. ಗಾಲಿಯ ಗುಂಬಕ್ಕೆ, ಅರಕ್ಕೆ ಜಾಲಿ. ಈಸಿಗೆ ಬರೇ ಗಟ್ಟಿ ಇದ್ದರೆ ಸಾಲದು, ಬಾಗಿ ಮತ್ತೆ ನೆಟ್ಟಗಾಗುವ ಗುಣ ಬೇಕು. ಅದಕ್ಕೆ ಘಟ್ಟದ ಕಡೆಯ ತಡಸಲು, ದಿಂಡಿಲು ಹೆಸರಾದವು. ದೋಣಿಯ ಹುಟ್ಟಿಗೂ ತಡಸಲು ಬಳಸುತ್ತಾರೆ, ಕಾರಣ ಅದೇ ಗುಣ. ಸಾಗವಾನಿ ಲಡ್ಡಾಗದೆ ಬಹಳ ವರ್ಷ ಬಾಳುತ್ತದೆ, ತುಟ್ಟಿ. ಹೊಲದ ಬದುವಿನ ನೆಟ್ಟನೆಯ ಜಾಲಿ ಸಿಕ್ಕರೆ ಅದೂ ನಡೆಯುತ್ತದೆ, ಭಾರ ಸ್ವಲ್ಪ ಜಾಸ್ತಿ. ನೀಲಗಿರಿ ಒಣಗುವಾಗ ತಿರುಚುತ್ತದೆ, ಸೀಳುತ್ತದೆ, ಈಸಿಗೆ ಬೇಡ. ಕಾಡುಮರ ತರುವುದಾದರೆ ದಾಂಡೇಲಿಯ ಸರಕಾರಿ ಡಿಪೋದಂಥ ಕಡೆಯಿಂದ ರಸೀದಿ, ರಹದಾರಿ ಸಮೇತ ತರಬೇಕು. ಕದ್ದ ಮರ ಅಗ್ಗ ಅಲ್ಲ.

ಮರದ ಜಾತಿಗಿಂತ ಮರದ ತುಂಡು ಮುಖ್ಯ. ಹೊರಗಿನ ಬಿಳಿ ಭಾಗ ಬೇಗ ಹುಳ ಹಿಡಿಯುತ್ತದೆ, ಕೆಚ್ಚು ಇರುವ ತುಂಡೇ ಬೇಕು. ದೊಡ್ಡ ಗಂಟು ಇರಬಾರದು, ಇದ್ದರೂ ಗಾಡಿಯ ಮೈಯಿಂದ ಹೊರಬೀಳುವ ಜಾಗಕ್ಕೆ ಬರಬಾರದು. ನಾರು ಹಿಂದಿನ ತುದಿಯಿಂದ ಮುಂದಿನ ತುದಿಯವರೆಗೆ ಹರಿಯದೆ ಸಾಗಿರಬೇಕು. ಈಸಿಗೆ ಮೇಲಕ್ಕೆ ಸ್ವಲ್ಪ ಬಾಗು ಬೇಕಾದರೆ ತಾನಾಗಿಯೇ ಬಾಗಿ ಬೆಳೆದ ಮರ ಹುಡುಕಬೇಕು. ನೆಟ್ಟನೆಯ ಮರವನ್ನು ಬಾಗು ಬರುವಂತೆ ಕೊಯ್ದರೆ ನಾರು ನಡುವೆ ಕತ್ತರಿಸಿ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಮರ ಒಣಗಿರಬೇಕು. ಹಸಿ ಮರದ ಈಸು ಕೂಡಿಸಿದರೆ ಬ್ಯಾಸಿಗೆಯಲ್ಲಿ ಕುಗ್ಗುತ್ತದೆ, ಬೋಲ್ಟು ಸಡಿಲಾಗುತ್ತವೆ, ಮೂಕಿ ಒಂದು ಮಗ್ಗಲಿಗೆ ತಿರುಗುತ್ತದೆ. ಮಳೆ ಬಿಸಿಲು ತಾಗದಂತೆ ನೆರಳಿನಲ್ಲಿ, ನೆಲಕ್ಕೆ ತಾಗದಂತೆ, ಗಾಳಿ ಆಡುವಂತೆ ಇಟ್ಟ ಮರ ಒಂದು ಇಂಚು ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ಒಣಗುತ್ತದೆ ಎನ್ನುವುದು ಬಡಿಗರ ಹಳೆಯ ಅಂದಾಜು. ಅಂದರೆ 4 ಇಂಚಿನ ಈಸಿಗೆ ಮೂರು ನಾಲ್ಕು ವರ್ಷ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇವತ್ತು ಮುರಿದ ಈಸಿಗೆ ಬೇಕಾದ ಮರವನ್ನು ಮೂರು ನಾಲ್ಕು ವರ್ಷದ ಹಿಂದೆಯೇ ಕಡಿದು ಇಟ್ಟಿರಬೇಕು. ನನ್ನ ಬೇಡಿಕೆ ಹುಟ್ಟಿದ್ದು ಇಲ್ಲೇ.

ಈಗ ಕೂಡಿಸುವ ಕೆಲಸ. ಗಾಡಿಯ ಮೈಗೆ ಕೆಳಗಿನಿಂದ ದಿಮ್ಮಿ ಆನಿಸಿ, ಗಾಲಿಗೆ ಕಲ್ಲು ಕೊಡಬೇಕು. ಜಂಗು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಚಿಮಣಿ ಎಣ್ಣೆ ಬಿಟ್ಟಿದ್ದರೆ ಸಲೀಸಾಗಿ ಬರುತ್ತದೆ. ಹಳೆಯ ಈಸನ್ನು ಕೊಡಲಿಯಿಂದ ಕಡಿದು ತೆಗೆಯಬೇಡಿ. ಸಾಧ್ಯವಾದಷ್ಟು ಇಡಿಯಾಗಿ ತೆಗೆದು, ಮುರಿದಿದ್ದರೆ ಎರಡೂ ತುಂಡು ನೆಲದ ಮೇಲೆ ಕೂಡಿಸಿ ಇಡಿ. ಅದೇ ಹೊಸದಕ್ಕೆ ಅಳತೆ. ಎಲ್ಲಿ ಎಷ್ಟು ದಪ್ಪ, ಎಲ್ಲಿಂದ ಸಪೂರ ಆಗುತ್ತದೆ, ತೂತು ಎಲ್ಲಿ, ಬಾಗು ಎಷ್ಟು, ಎಲ್ಲಾ ಅದರಾಗ ಬರೆದಿಟ್ಟಂಗ ಇರತೈತಿ. ಕೆಲಸ ಮುಗಿದು ಒಂದು ಹಂಗಾಮು ಕಳೆಯುವ ತನಕ ಅದನ್ನು ಒಲೆಗೆ ಹಾಕಬಾರದು.

ಬಡಿಗ ಮೊದಲು ಮರವನ್ನು ನಾಲ್ಕು ಮೂಲೆಯದು ಮಾಡುತ್ತಾನೆ. ಆಮೇಲೆ ಮೂಲೆ ಹೊಡೆದು ಎಂಟು ಮೂಲೆ, ಮತ್ತೆ ಹೊಡೆದು ಹದಿನಾರು, ಆಮೇಲೆ ದುಂಡಗೆ. ಹಡಗಿನ ಕಂಬ ಮಾಡುವವರೂ ಇದೇ ರೀತಿ ಮಾಡುತ್ತಾರೆ, ಯಾಕಂದ್ರ ಹಿಂಗ ಮಾಡಿದರೆ ಮರ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಗುವುದಿಲ್ಲ. ಮೈಯಿಂದ ಹೊರಬೀಳುವ ಜಾಗದಲ್ಲಿ ಪೂರ್ತಿ ದಪ್ಪ ಇರಬೇಕು, ಅಲ್ಲಿಂದ ಮೂಕಿಯ ಕಡೆ ಸಾವಕಾಶ ಸಪೂರ ಆಗಬೇಕು. ಮೂಕಿ ದಪ್ಪ ಉಳಿದರೆ ಬಲ ಹೆಚ್ಚುವುದಿಲ್ಲ, ಎತ್ತಿನ ಹೆಗಲಿನ ಭಾರ ಹೆಚ್ಚುತ್ತದೆ. ಮಗ್ಗಲಿನಿಂದ ತೂತು ಕೊರೆಯುವುದಾದರೆ ದಪ್ಪದ ನಟ್ಟನಡುವೆ ಕೊರೆಯಬೇಕು. ಬಾಗುವಾಗ ಮೇಲಿನ ಮತ್ತು ಕೆಳಗಿನ ನಾರಿಗೆ ಜಗ್ಗು ಜಾಸ್ತಿ, ನಡುವಿಗೆ ಕಡಿಮೆ. ಬೋಲ್ಟು ಹಾಕುವ ಮೊದಲು ತೂತಿನೊಳಗೆ ಕಾಯಿಸಿದ ಅಗಸಿ ಎಣ್ಣೆ ಕುಡಿಸಿ. ಕರಾವಳಿಯಲ್ಲಿ ದೋಣಿಗಳಿಗೆ ಗೇರೆಣ್ಣೆ ಹಚ್ಚುತ್ತಾರೆ, ನಮ್ಮಲ್ಲಿ ಬೆಳೆಯುವುದು ಅಗಸಿ. ಕಂಬಾರ ಪಟ್ಟಿ ಕೂಡಿಸುವ ಮೊದಲು ಪಟ್ಟಿಯ ಒಳಮಗ್ಗಲಿಗೂ ಬಣ್ಣ ಬಳಿಸಿ.

ಕೂಡಿಸಿ ಆದ ಮೇಲೆ ಒಂದು ಹಗ್ಗ ತಗೊಂಡು ಮೂಕಿಯ ತುದಿಯಿಂದ ಎಡಗಾಲಿಯ ಗುಂಬದ ನಡುವಿಗೆ ಅಳೆಯಿರಿ. ಅದೇ ಹಗ್ಗವನ್ನು ಬಲಗಾಲಿಗೆ ಹಿಡಿಯಿರಿ. ಎರಡೂ ಸರಿ ಬಂದರೆ ಈಸು ನೆಟ್ಟಗಿದೆ. ಎರಡು ಬೆರಳು ವ್ಯತ್ಯಾಸ ಬಂದರೂ ಒಂದು ಎತ್ತು ದಿನಾಲು ಹೆಚ್ಚು ಎಳೆಯುತ್ತದೆ. ಎತ್ತಿಗೆ ಬಾಯಿಲ್ಲ, ಹೇಳುವುದಿಲ್ಲ, ಹೆಗಲು ಬಾತಾಗ ನಮಗೆ ಗೊತ್ತಾಗುತ್ತದೆ. ಮೊದಲ ಎಂಟು ದಿನ ಹಗುರ ಹೇರು ಹೇರಿ, ಆಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಎಷ್ಟೇ ಗಟ್ಟಿ ಈಸು ಇದ್ದರೂ ಎಳೆಯುವ ದನಗಳ ಮೇಲೆ ಮಿತಿ ಮೀರಿ ಹೇರಬಾರದೆಂದು 1965ರ ಕೇಂದ್ರ ಸರಕಾರದ ನಿಯಮಗಳೇ ಇವೆ, ಅದೂ ನೆನಪಿರಲಿ.

ಮರ ಯಾಕೆ, ಕಬ್ಬಿಣದ ಪೈಪೇ ಹಾಕೋಣ ಅಂತ ಕೇಳುವವರೂ ಅದಾರ. ಕಬ್ಬಿಣದ ಮೈಯ ಟಾಯರ್ ಗಾಡಿಗೆ ಪೈಪು ಒಗ್ಗುತ್ತದೆ, ನಾನು ಬೇಡ ಅನ್ನುವುದಿಲ್ಲ. ಆದರೆ ಮರದ ಮೈಗೆ ಪೈಪು ಕೂಡಿಸಿದರೆ ಪೈಪು ಬಾಗುವುದಿಲ್ಲ, ಪ್ರತಿ ಏಟೂ ಹಿಂದಿನ ಹಳೆಯ ಮರಕ್ಕೆ ಹೋಗಿ ಅದು ಸೀಳುತ್ತದೆ. ಪೈಪು ಒಳಗಿನಿಂದ ಜಂಗು ಹಿಡಿದರೆ ಹೊರಗೆ ಕಾಣುವುದಿಲ್ಲ, ಬೆಸುಗೆ ಒಮ್ಮೆಲೇ ಬಿಡಬಹುದು. ಮರ ಬಹಳ ಸಲ ಮುರಿಯುವ ಮೊದಲು ಕಿರುಗುಟ್ಟಿ ಸೂಚನೆ ಕೊಡುತ್ತದೆ.

ಬಂಧುಗಳೇ, 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹಾಯಿಹಡಗು ನೌಕಾದಳಕ್ಕೆ ಸೇರಿತು. ಅಜಂತಾ ಗುಹೆಯ ಚಿತ್ರದಲ್ಲಿರುವ ಐದನೇ ಶತಮಾನದ ಹಡಗನ್ನು ನೋಡಿ ಮಾಡಿದ ಹಡಗು ಅದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ. ಆ ವರ್ಷದ ಡಿಸೆಂಬರ್ 29ರಂದು ಪೋರಬಂದರದಿಂದ ಹೊರಟು 2026ರ ಜನವರಿಯಲ್ಲಿ ಒಮಾನ್ ದೇಶದ ಮಸ್ಕತ್ ಮುಟ್ಟಿತು. ಇದನ್ನು ಯಾಕೆ ಹೇಳುತ್ತೇನೆಂದರೆ, ಅದನ್ನು ಕಟ್ಟುವಾಗ ಅಳತೆ ತೆಗೆಯಲು ಅಂಥ ಹಳೆಯ ಹಡಗು ಒಂದೂ ಉಳಿದಿರಲಿಲ್ಲ, ನಕಾಶೆಯೂ ಇರಲಿಲ್ಲ. ಚಿತ್ರ ನೋಡಿ ಲೆಕ್ಕ ಹಾಕಿ, ಮದ್ರಾಸಿನ ಐಐಟಿಯಲ್ಲಿ ಪರೀಕ್ಷೆ ಮಾಡಬೇಕಾಯಿತು. ಆದರೆ ಹೊಲಿಯುವ ವಿದ್ಯೆ ಕೇರಳದ ಬಾಬು ಶಂಕರನ್ ಎಂಬ ಬಡಿಗರ ಮತ್ತು ಅವರ ಜೋಡಿದಾರರ ಕೈಯಲ್ಲಿ ಉಳಿದಿತ್ತು. ಕೈಯಲ್ಲಿ ಉಳಿದ ವಿದ್ಯೆಯಿಂದ ಹಡಗು ಎದ್ದಿತು. ನಮ್ಮ ಚಕ್ಕಡಿಯ ಅಳತೆಯೂ ಪುಸ್ತಕದಲ್ಲಿ ಇಲ್ಲ. ಹಳೆಯ ಈಸಿನಲ್ಲಿ ಮತ್ತು ಬಡಿಗನ ಕೈಯಲ್ಲಿ ಇದೆ. ಆಯ ಕೊಡುವ ಪದ್ಧತಿ ನಿಂತು ಎಷ್ಟೋ ವರ್ಷವಾಯಿತು. ಬಡಿಗರ ಮಕ್ಕಳು ಬಾಗಿಲು ಕಿಟಕಿಯ ಕೆಲಸಕ್ಕೆ ಪಟ್ಟಣಕ್ಕೆ ಹೋಗುತ್ತಾರೆ, ಅದು ಅವರ ತಪ್ಪಲ್ಲ. ನಾವು ಕೆಲಸ ಕೊಡದಿದ್ದರೆ ಅವರು ಯಾಕೆ ನಿಲ್ಲಬೇಕು?

ಆದ್ದರಿಂದ ಸಂಘದ ಮುಂದೆ ಮೂರು ಮಾತು ಇಡುತ್ತೇನೆ. ಒಂದು, ಗೊಬ್ಬರದ ಗೋದಾಮಿನ ಹಿಂದೆ ಒಂದು ತಗಡಿನ ಚಪ್ಪರ ಹಾಕಿ, ವರ್ಷಕ್ಕೆ ಹತ್ತು ಈಸಿಗಾಗುವಷ್ಟು ಮರ ತಂದು ಒಣಗಲು ಇಡಬೇಕು. ತಂದ ವರ್ಷವನ್ನು ತುದಿಗೆ ಬಣ್ಣದಿಂದ ಬರೆಯಬೇಕು, ಮೊದಲು ಬಂದದ್ದು ಮೊದಲು ಹೋಗಬೇಕು. ಒಬ್ಬ ರೈತ ನಾಲ್ಕು ವರ್ಷ ಮುಂಚೆ ಮರ ತಂದು ಇಡಲಾರ, ನೂರು ಜನ ಕೂಡಿದ ಸಂಘ ಇಡಬಲ್ಲದು. ಎರಡು, ಹಿಂದೆ ಸಹಕಾರಿ ಸಂಘಗಳು ಎತ್ತು ಗಾಡಿಗೆ ಸಾಲ ಕೊಡುತ್ತಿದ್ದವು. ಹೊಸ ಗಾಡಿಯ ಸಾಲದ ಜೊತೆಗೆ ಹಳೆಯ ಗಾಡಿಯ ದುರಸ್ತಿಗೂ ಸಣ್ಣ ಸಾಲ ಕೊಡಬೇಕು, ಕಬ್ಬಿನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಮೂರು, ಆ ಚಪ್ಪರದ ಕೆಲಸವನ್ನು ಊರಿನ ಬಡಿಗರಿಗೇ ಕೊಟ್ಟು, ಕಲಿಯುವ ಒಬ್ಬ ಹುಡುಗನಿಗೆ ಹಂಗಾಮಿನ ಕೂಲಿಯನ್ನು ಸಂಘ ಭರಿಸಬೇಕು.

ಇದು ಆಗದ ಕೆಲಸವಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಹಳ್ಳಿಯವರ ಹತ್ತಿರ ಇದ್ದದ್ದು ಪರಸ್ಪರ ನಂಬಿಗೆ ಮಾತ್ರ. 1969ರಲ್ಲಿ ನಮ್ಮ ಹುಕ್ಕೇರಿ ತಾಲೂಕಿನ ಜನ ಸಹಕಾರದಿಂದಲೇ ಗ್ರಾಮೀಣ ವಿದ್ಯುತ್ ಸಂಘ ಕಟ್ಟಿದರು. ಕರೆಂಟನ್ನೇ ಕೂಡಿ ಹಂಚಿಕೊಂಡ ಜನಕ್ಕೆ ಹತ್ತು ಮರದ ತುಂಡು ಕೂಡಿ ಒಣಗಿಸುವುದು ದೊಡ್ಡದಲ್ಲ.

ಈ ವರ್ಷ ತಂದ ಮರ ನಮಗೆ ಉಪಯೋಗ ಬರುವುದಿಲ್ಲ, ಮೂರು ನಾಲ್ಕು ವರ್ಷದ ಮೇಲೆ ಬರುತ್ತದೆ. ಅದಕ್ಕಾಗಿಯೇ ಈ ವರ್ಷವೇ ತರಬೇಕು. ಆಡಳಿತ ಮಂಡಳಿ ಈ ಬೇಡಿಕೆಯನ್ನು ಮುಂದಿನ ಸಭೆಯ ಪತ್ರಿಕೆಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಸದಸ್ಯರು ಮನೆಗೆ ಹೋದ ಮೇಲೆ ಒಂದು ಸುತ್ತಿಗೆ, ಒಂದು ದಬ್ಬಣ ತಗೊಂಡು ತಮ್ಮ ತಮ್ಮ ಈಸನ್ನು ಬಡಿದು ನೋಡ್ರಿ. ದಬ್ ಅಂದ್ರ ಸಂಘದ ಆಫೀಸಿಗೆ ಬಂದು ಹೆಸರು ಬರೆಸ್ರಿ. ಎಷ್ಟು ಮರ ಬೇಕೆಂಬ ಲೆಕ್ಕ ಅಲ್ಲಿಂದಲೇ ಸುರುವಾಗಲಿ.

 ಜೈ ಸಹಕಾರ.